ಸೋಮಾರಿತನದ ಸಂಗೀತ

ಸೋಮಾರಿತನಕ್ಕೆ ಸಲ್ಲಬೇಕಾದ ಮರ್ಯಾದೆ ನಮ್ಮಲ್ಲಿ ಸಂದಿಲ್ಲ ಎಂಬುದು ನನ್ನ ಬಹುದಿನದ ಕೊರಗು. ತಡವಾಗಿ ಎದ್ದರೆ ‘ಸೂರ್ಯವಂಶದವರು’ ಎಂದು ಹಂಗಿಸುವ ಮನೆಯಲ್ಲಿ ಬೆಳೆದ ನನಗೆ ಮ್ಯೂಸಿಕ್ ವಿಡಿಯೋಗಳ ಚರಿತ್ರೆ ದೊಡ್ಡ ಸಮಾಧಾನ ಕೊಟ್ಟಿದೆ. ಆ ಕಲೆ ಬೆಳೆದದ್ದೇ ‘ಅಲ್ಲೀತನಕ ಯಾರು ಹೋಗ್ತಾರೆ ಮಾರಾಯ’ ಎಂಬ ಉದ್ಗಾರದಿಂದ.

ಬೀಟಲ್ಸ್ ಹುಡುಗರನ್ನೇ ನೋಡಿ. ದೇಶದೇಶದ ಟಿ.ವಿ.ಯವರು ಬನ್ನಿ ಬನ್ನಿ ಎಂದರೆ ಎಲ್ಲ ಕಡೆ ಓಡಲು ಅವರಿಗೇನು ಹುಚ್ಚೇ? 1966ರಲ್ಲಿ ಲಂಡನ್ನಿನ ಚಿಸ್ವಿಕ್ ಹೌಸ್ ತೋಟದಲ್ಲಿ ಅಡ್ಡಾಡುತ್ತ ಎರಡು ಹಾಡು ಚಿತ್ರೀಕರಿಸಿಕೊಂಡು, ತಮ್ಮ ಬದಲು ರೀಲನ್ನು ಕಳಿಸಿದರು. ಮದುವೆಗೆ ಹೋಗಲಾರದವರು ಯಾರ ಕೈಲೋ ಮುಯ್ಯಿ ಕಳಿಸಿ ಪಾರಾಗುವ ಹಾಗೆ.

ಕ್ವೀನ್ ತಂಡದ ಪಾಡು ಬೇರೆ. 1975ರ ‘ಬೊಹಿಮಿಯನ್ ರಾಪ್ಸೊಡಿ’ ಸುಮಾರು ಆರು ನಿಮಿಷದ ಹಾಡು. ನಡುವೆ ಮೂವರದೇ ಕಂಠಗಳನ್ನು ಪದರಪದರವಾಗಿ ಪೇರಿಸಿ ಕಟ್ಟಿದ ಆಪೆರಾ. ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ವೇದಿಕೆಯಲ್ಲಿ ಅದಕ್ಕೆ ಬರಿದೇ ತುಟಿ ಆಡಿಸಿದರೆ ನಗೆಪಾಟಲಾಗುತ್ತೇವೆಂದು ಅವರಿಗೆ ಅಳುಕು. ಅದಕ್ಕೇ ನಿರ್ದೇಶಕ ಬ್ರೂಸ್ ಗೋವರ್ಸ್ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ, ಕತ್ತಲಲ್ಲಿ ನಾಲ್ಕು ಮುಖ ತೇಲಿಸಿ, ಚಿತ್ರೀಕರಣ ಮುಗಿಸಿಬಿಟ್ಟರು. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ.

ತುಟಿ ಆಡಿಸಲು ಇಷ್ಟೇಕೆ ಸಂಕೋಚವೋ ನಮಗೆ ತಿಳಿಯದು. ಪಿ.ಬಿ. ಶ್ರೀನಿವಾಸ್ ಹಾಡಿ, ರಾಜ್‌ಕುಮಾರ್ ತುಟಿ ಆಡಿಸಿದರೆ, ಇಬ್ಬರಿಗೂ ಸೇರಿಸಿ ಒಂದೇ ಸಲ ಕಣ್ಣೀರು ಹಾಕಿದ ಜನ ನಾವು!

ಇರಲಿ. ಸೋಮಾರಿತನಕ್ಕೆ ಚಟುವಟಿಕೆಯ ಸಹವಾಸ ಒಳ್ಳೆಯದಲ್ಲ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ಸಂಗೀತ ವಾಹಿನಿ ಶುರುವಾಗಿ, ಹಗಲೂ ರಾತ್ರಿ ವಿಡಿಯೋ ಬೇಕೆಂದಿತು. ಅಲ್ಲಿಗೆ ಕೆಟ್ಟಿತು. ಒಬ್ಬರಿಗಿಂತ ಒಬ್ಬರು ಮೈಮುರಿದು ದುಡಿಯತೊಡಗಿದರು. 1983ರಲ್ಲಿ ಮೈಕಲ್ ಜಾಕ್ಸನ್ ‘ಥ್ರಿಲ್ಲರ್’ ಹಾಡಿಗೆ ಹದಿನಾಲ್ಕು ನಿಮಿಷದ ಸಿನಿಮಾವನ್ನೇ ತೆಗೆಸಿದ. 1985ರ ‘ಟೇಕ್ ಆನ್ ಮಿ’ ಹಾಡಿಗಾಗಿ ಕಲಾವಿದರು ಫ್ರೇಮಿನ ಮೇಲೆ ಫ್ರೇಮು ಪೆನ್ಸಿಲ್ಲಿನಲ್ಲಿ ಬರೆದು ಸಾವಿರಾರು ಚಿತ್ರ ಗುಡ್ಡೆ ಹಾಕಿದರು.

ನನ್ನ ಕರುಳು ಚುರುಕ್ ಎನ್ನುವುದು ಮಾತ್ರ ಗಾಯಕ ಪೀಟರ್ ಗೇಬ್ರಿಯಲ್‌ಗಾಗಿ. 1986ರ ‘ಸ್ಲೆಡ್ಜ್‌ಹ್ಯಾಮರ್’ನಲ್ಲಿ ಅವನ ಮುಖಕ್ಕೆ ನೀಲಿ ಬಳಿದು ಮೋಡ ಬರೆದಿದ್ದಾರೆ, ತಲೆಯ ಸುತ್ತ ಆಟಿಕೆಯ ರೈಲು ಓಡುತ್ತದೆ, ಹಣ್ಣುಗಳು ತಾವಾಗಿ ಬಂದು ಕೂಡಿ ಅವನ ಮುಖವೇ ಆಗುತ್ತವೆ. ತಾವಾಗಿ ಎಲ್ಲಿ ಬಂದವು? ಒಂದು ಚೂರು ಸರಿಸು, ಒಂದು ಫ್ರೇಮು ತೆಗೆ, ಮತ್ತೆ ಸರಿಸು. ಅದಕ್ಕಾಗಿ ಆ ಪುಣ್ಯಾತ್ಮ ಗಾಜಿನ ಹಲಗೆಯ ಕೆಳಗೆ ಹದಿನಾರು ಗಂಟೆ ಮಲಗಿದ್ದನಂತೆ. ಮಲಗುವುದರಲ್ಲಿ ನನಗೂ ಅನುಭವವಿದೆ. ಆದರೆ ಮಿಸುಕಾಡದೆ ಮಲಗುವುದು ಮಲಗಿದಂತಲ್ಲ, ನೌಕರಿ. ಕುಣಿಯುವ ಎರಡು ಕೋಳಿಗಳೂ ಅದರಲ್ಲಿವೆ: ಅಂಗಡಿಯಿಂದ ತಂದ, ತಲೆಯಿಲ್ಲದ, ನಿಜವಾದ ಕೋಳಿಗಳು. ಸ್ಟುಡಿಯೋ ದೀಪದ ಶಾಖಕ್ಕೆ ಅವು ನಾರತೊಡಗಿದರೂ ನಿಕ್ ಪಾರ್ಕ್ ಎಂಬ ತರುಣ ಬಿಡದೆ ಕುಣಿಸಿದ. ಆ ಋಣ ತೀರಿಸಲೆಂಬಂತೆ 2000ದಲ್ಲಿ ಪೀಟರ್ ಲಾರ್ಡ್ ಜೊತೆ ‘ಚಿಕನ್ ರನ್’ ನಿರ್ದೇಶಿಸಿ, ಕೋಳಿಗಳನ್ನು ಫಾರಮ್ಮಿನಿಂದ ಪಾರುಮಾಡಿದ.

‘ಸ್ಲೆಡ್ಜ್‌ಹ್ಯಾಮರ್’ಗೆ 1987ರಲ್ಲಿ ಎಂಟಿವಿಯ ಒಂಬತ್ತು ಪ್ರಶಸ್ತಿ ಬಂದವು. ಬರಲಿ, ಸಂತೋಷ. ಆದರೆ ಹೋಗಿ ಐದು ನಿಮಿಷ ನಿಂತು ಹಾಡಿಬಿಟ್ಟಿದ್ದರೆ ಊಟದ ಹೊತ್ತಿಗೆ ಮನೆ ಸೇರಬಹುದಿತ್ತಲ್ಲ! ಸೋಮಾರಿಗೂ ಇಷ್ಟು ಶ್ರಮ ತಪ್ಪದೆಂದಾದರೆ, ನಾನು ಈ ಕಲೆಗೆ ನೋಡುಗನಾಗಿ ಸಲ್ಲಿಸುವ ಸೇವೆಯೇ ಸಾಕು.