ಮಂಚದ ಕೆಳಗಿನ ಸರ್ವರ್

ನಮ್ಮ ಭಾವಮೈದುನನಿಗೆ ಹಳೇ ಕಂಪ್ಯೂಟರಿನಲ್ಲಿ ಸರ್ವರ್ ಕೂರಿಸುವ ಹುಚ್ಚು. ಆರಿಸಿದ್ದು ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್, 1993ರಲ್ಲಿ ಶುರುವಾದದ್ದು, ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಗೊಂಬೆಗಳ ಹೆಸರು. ಆಟ ಹೆಸರಿಗಷ್ಟೇ. ಡಿಸ್ಕ್ ಪಾಲು ಮಾಡುವಾಗ ಮನೆಯಲ್ಲಿ ಆಸ್ತಿ ಪಾಲಾದಷ್ಟೇ ಬಿಗುವು: ತಪ್ಪು ಡಿಸ್ಕ್ ಆರಿಸಿದರೆ ಮದುವೆ ಫೋಟೋಗಳೆಲ್ಲ ಗೋವಿಂದ!

ಕೊನೆಗೆ ಕಂಡದ್ದು ಕಪ್ಪು ತೆರೆ, ಮಿಣುಕುವ ಗೀಟು. ಚಿತ್ರವಿಲ್ಲ, ಮೌಸ್‌ಗೆ ಕೆಲಸವಿಲ್ಲ. (ಸರ್ವರಿಗೆ ಅಲಂಕಾರ ಬೇಡ, ಮೆಮೊರಿ ಉಳಿಯುತ್ತದೆ, ಒಪ್ಪಿದೆ.) ಆಮೇಲೆ ಮಹಾಶಯ ಹಾಲ್‌ನಲ್ಲಿ ಕೂತು, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಪಕ್ಕದ ರೂಮಿನ ಮಂಚದಡಿಗೆ ಲಾಗಿನ್ ಆದ. ಎದ್ದು ಹೋದರೆ ಹತ್ತು ಹೆಜ್ಜೆ.

“ಅಮ್ಮಾ, ಇದು ಇಪ್ಪತ್ನಾಲ್ಕು ಗಂಟೆಯೂ ಓಡುತ್ತೆ!”

“ಓಡಲಿ ಕಣೋ,” ಅಂದರು ಅತ್ತೆ, “ಕರೆಂಟ್ ಬಿಲ್ ನೀನೇ ಕಟ್ಟೋದಾದರೆ.”