ಲೀಡರ್ ಇಲ್ಲದ ಹೊತ್ತು

ಅಕ್ಕ, ಮೊನ್ನೆ ಬಟ್ಟೆ ಒಣಹಾಕುತ್ತಾ ಕೇಳಿದಿರಲ್ಲ, ‘ಏಳು ದಿನ ಹಳ್ಳಿಗೆ ಹೋಗಿ ಹೂಳೆತ್ತಿ ಬಂದ್ಯಲ್ಲೇ, ಅದರಲ್ಲಿ ಲೀಡರ್‌ಶಿಪ್ ಕಲಿಯೋದು ಏನಿದೆ?’ ಅಂತ. ಅಷ್ಟರಲ್ಲಿ ನಿಮ್ಮ ಕುಕ್ಕರ್ ಕೂಗಿತು, ನೀವು ಒಳಗೆ ಓಡಿದಿರಿ, ಮಾತು ಅರ್ಧಕ್ಕೇ ನಿಂತಿತು. ಇವತ್ತು ನಿಮಗೂ ಬಿಡುವು, ನನ್ನ ಸೆಮಿಸ್ಟರ್ ಪರೀಕ್ಷೆಯೂ ಮುಗಿದಿದೆ. ಬನ್ನಿ, ಈ ನುಗ್ಗೆಮರದ ನೆರಳಿಗೆ ಸರಿದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಶಿಬಿರಕ್ಕೆ ಹೊರಡುವ ಮುಂಚೆ ಕಾಲೇಜಿನಲ್ಲಿ ನಮಗೆಲ್ಲ ನಾಯಕತ್ವದ ಕಾರ್ಯಾಗಾರ ಇಟ್ಟಿದ್ದರು. ಅಲ್ಲಿ ಹೇಳಿದ್ದರಲ್ಲಿ ಒಂದು ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕರ್ಟ್ ಲೆವಿನ್ ಅಂತ ಒಬ್ಬ ಮನಃಶಾಸ್ತ್ರಜ್ಞ, ಅವರ ಜೊತೆ ಲಿಪ್ಪಿಟ್ ಮತ್ತು ವೈಟ್ ಅಂತ ಇನ್ನಿಬ್ಬರು. ಅಮೆರಿಕದ ಅಯೋವಾದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ, ಮುಖವಾಡ ಮಾಡುವಂಥ ಕೆಲಸ ಕೊಟ್ಟು ನೋಡಿದರು. 1939ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಒಂದು ಬಗೆಯ ಮುಖಂಡ ಎಲ್ಲವನ್ನೂ ತಾನೇ ಹೇಳುತ್ತಿದ್ದ, ಈಗ ಇದು ಮಾಡು, ಆಮೇಲೆ ಅದು ಮಾಡು ಅಂತ. ಇನ್ನೊಂದು ಬಗೆಯವನು ಹುಡುಗರ ಜೊತೆ ಕೂತು, ಏನು ಮಾಡೋಣ, ಹೇಗೆ ಮಾಡೋಣ ಅಂತ ಅವರಿಂದಲೇ ತೀರ್ಮಾನ ಮಾಡಿಸುತ್ತಿದ್ದ. ಮತ್ತೊಬ್ಬ ಅವರನ್ನು ಅವರ ಪಾಡಿಗೆ ಬಿಟ್ಟುಬಿಟ್ಟಿದ್ದ. ಆಮೇಲೆ ಮುಖಂಡ ಬೇಕಂತಲೇ ಕೋಣೆಯಿಂದ ಆಚೆ ಹೋಗುತ್ತಿದ್ದ. ಅಪ್ಪಣೆ ಕೊಡುವವನು ಆಚೆ ಹೋದನೋ, ಆ ಗುಂಪಿನ ಕೆಲಸ ಬಿದ್ದುಹೋಗುತ್ತಿತ್ತು. ಜೊತೆಗೆ ಕೂತು ಮಾತಾಡಿದವನ ಗುಂಪು ಮಾತ್ರ ಅವನಿದ್ದಾಗಿನ ಹಾಗೇ ಕೆಲಸ ಮುಂದುವರಿಸುತ್ತಿತ್ತು.

ಅಂದರೆ ಲೀಡರ್ ಎಂಥವರು ಅಂತ ತಿಳಿಯಬೇಕಾದರೆ ಅವರು ಇಲ್ಲದ ಹೊತ್ತಿನಲ್ಲಿ ಹೋಗಿ ನೋಡಬೇಕು, ಅಲ್ವಾ? ಇದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾನು ಶಿಬಿರದ ಬಸ್ಸು ಹತ್ತಿದ್ದು.

ಶಿಬಿರದಲ್ಲಿ ಮೊದಲ ಸಂಜೆಯೇ ತಂಡ ಮಾಡಿ ನದಿಗಳ ಹೆಸರಿಟ್ಟರು. ಆ ಗಲಾಟೆ ನೀವು ನೋಡಬೇಕಿತ್ತು! ಎಲ್ಲರಿಗೂ ಕಾವೇರಿಯೇ ಬೇಕು. ಕಾವೇರಿ ಹೋದರೆ ತುಂಗಾ, ತುಂಗಾ ಹೋದರೆ ಹೇಮಾವತಿ. ಕೊನೆಗೆ ಉಳಿದದ್ದು ಶಿಂಷಾ. ಅದು ನಮ್ಮ ಪಾಲಿಗೆ ಬಂತು. ನಮ್ಮ ತಂಡದವರ ಮುಖ ಒಂದು ಗಳಿಗೆ ಸಪ್ಪಗಾಗಿದ್ದು ನಿಜ. ಆದರೆ ನಮ್ಮ ಲೀಡರ್ ಕುಣಿಗಲ್ ಕಡೆಯ ಹುಡುಗಿ. ಅವಳಿಗೆ ಶಿಂಷಾ ಅಂದರೆ ತವರಿನ ಹೊಳೆ. ಮೆಲ್ಲಗೆ ಎದ್ದು ನಿಂತು, ‘ನಮ್ಮ ಹೊಳೆ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕಾವೇರಿಗೇ ಹೋಗಿ ಸೇರೋದು ಕಣ್ರೋ’ ಅಂದಳು. ಕಾವೇರಿ ತಂಡದವರೇ ಚಪ್ಪಾಳೆ ಹೊಡೆದರು. ರಾತ್ರಿ ಮಲಗುವಷ್ಟರಲ್ಲಿ ನಮ್ಮ ಹುಡುಗರು ಘೋಷಣೆಯನ್ನೂ ಕಟ್ಟಿಬಿಟ್ಟಿದ್ದರು: ‘ಶಿಂಷಾ ಬಂತು ದಾರಿ ಬಿಡಿ, ಕಸ ಕಂಡ್ರೆ ಗುಡಿಸಿಬಿಡಿ!’ ಆ ಊರಿನ ಚಿಕ್ಕ ಮಕ್ಕಳಂತೂ ನಾವು ಹೊರಟು ಬರುವ ದಿನದವರೆಗೂ ಅದನ್ನೇ ಕೂಗಿಕೊಂಡು ಸೈಕಲ್ ಟೈರು ಓಡಿಸುತ್ತಿದ್ದವು.

ಈ ಹುಡುಗಿಯ ವಿಷಯ ಸ್ವಲ್ಪ ಹೇಳಲೇಬೇಕು ಅಕ್ಕ. ದನಿ ಬಹಳ ಸಣ್ಣದು. ಮೈಕು ಕೊಟ್ಟರೂ ಹಿಂದಿನ ಸಾಲಿಗೆ ಕೇಳಿಸೋದು ಕಷ್ಟ. ಅದಕ್ಕೇ ಅವಳು ದೂರದಿಂದ ಕೂಗುವ ಗೋಜಿಗೇ ಹೋಗುತ್ತಿರಲಿಲ್ಲ. ಯಾರಿಂದ ಏನಾಗಬೇಕೋ ಅವರ ಹತ್ತಿರವೇ ನಡೆದು ಹೋಗಿ, ಹೆಸರು ಹಿಡಿದು, ಒಂದೇ ಒಂದು ಕೆಲಸ ಹೇಳುತ್ತಿದ್ದಳು. ‘ಯಾರಾದ್ರೂ ನೀರು ತರ್ರಪ್ಪಾ’ ಅಂದರೆ ಯಾರೂ ಮಿಸುಕಲ್ಲ, ಇದು ನಮ್ಮನಿಮ್ಮ ಮನೆಯಲ್ಲೂ ನೋಡಿದ್ದೇ. ‘ನೀನು ಈ ಎರಡು ಕೊಡ ತುಂಬಿಸಿಡ್ತೀಯಾ?’ ಅಂತ ಎದುರಿಗೆ ನಿಂತು ಕೇಳಿದರೆ ಎದ್ದೇ ಏಳುತ್ತಾರೆ. ಊಟದ ಹೊತ್ತಿನಲ್ಲಿ ತಟ್ಟೆಗಳ ಮೇಲೆ ಒಂದು ಕಣ್ಣು. ತೊಳೆದಿಟ್ಟ ತಟ್ಟೆ ಒಂದು ಹಾಗೇ ಉಳಿದಿದ್ದರೆ, ಯಾರೋ ಉಣ್ಣದೆ ಎಲ್ಲೋ ಕೂತಿದ್ದಾರೆ ಅಂತ ಅರ್ಥ. ಹುಡುಕಿಕೊಂಡು ಹೋಗುತ್ತಿದ್ದಳು. ಒಂದು ರಾತ್ರಿ ಮನೆ ನೆನಪಾಗಿ ಶಾಲೆಯ ಹಿಂದಿನ ಕಟ್ಟೆ ಮೇಲೆ ಅಳುತ್ತಾ ಕೂತಿದ್ದ ಹುಡುಗನೊಬ್ಬ ಸಿಕ್ಕಿದ್ದು ಹಾಗೇ. ಯಾಕೆ ಏನು ಅಂತ ಕೇಳಲಿಲ್ಲ ಇವಳು, ಎರಡು ತಟ್ಟೆ ಬಡಿಸಿಕೊಂಡು ಹೋಗಿ ಪಕ್ಕದಲ್ಲಿ ಕೂತು ತಾನೂ ಉಂಡಳು.

ಅವಳೇ ಒಂದು ಸಂಜೆ ಮಾರ್ಕೋನಹಳ್ಳಿ ಜಲಾಶಯದ ಕಥೆ ಹೇಳಿದ್ದು. ನೀವು ಆ ಕಡೆ ಹೋಗಿದ್ದೀರಾ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿಸಿದ್ದು. ಅಲ್ಲಿ ಸೈಫನ್ ಇವೆ. ಮಳೆ ಬಂದು ನೀರು ಮಟ್ಟ ಮುಟ್ಟಿತು ಅಂದರೆ ಯಾರೂ ಬಂದು ಗೇಟು ಎತ್ತಬೇಕಾಗಿಲ್ಲ, ತಾವಾಗಿಯೇ ಹರಿಯೋಕೆ ಶುರುವಾಗುತ್ತವೆ. ನಡುರಾತ್ರಿಯಾದರೂ ಸರಿ, ಊರೆಲ್ಲ ಮಲಗಿದ್ದರೂ ಸರಿ. ಕೇಳಿದ ಕೂಡಲೇ ನನಗೆ ಅಯೋವಾದ ಆ ಎರಡನೇ ಗುಂಪಿನ ಹುಡುಗರು ನೆನಪಾದರು. ತಂಡ ಅಂದರೆ ಹೀಗಿರಬೇಕು ಅನ್ನಿಸಿತು.

ಇನ್ನು ಶ್ರಮದಾನ. ಹಳೇ ಕಲ್ಯಾಣಿಯ ಹೂಳು ತೆಗೆಯೋದು ನಮ್ಮ ಕೆಲಸ. ‘ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ’ ಅಂತ ನಿಮ್ಮ ಅತ್ತೆ ಆಗಾಗ ಹೇಳುತ್ತಾರಲ್ಲ, ಅದನ್ನು ಅಳೆದು ನೋಡಿದವನೊಬ್ಬನಿದ್ದಾನೆ ಅಕ್ಕ! ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಅಂತ. ಜನರಿಂದ ಹಗ್ಗ ಎಳೆಸಿ ಬಲ ಅಳೆದ. 1913ರಲ್ಲಿ ಅವನು ಪ್ರಕಟಿಸಿದ ಲೆಕ್ಕದಲ್ಲಿ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲಿಗೆ ಬಂದ ಬಲ, ಅವನೊಬ್ಬನೇ ಎಳೆದಾಗಿನ ಬಲದ ಹೆಚ್ಚುಕಡಿಮೆ ಅರ್ಧದಷ್ಟು. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗೋದು ಕಷ್ಟ ಅನ್ನೋದೂ ಅದರಲ್ಲಿ ಸೇರಿದೆ, ಪಕ್ಕದವನು ಎಳೀತಾನೆ ಬಿಡು ಅನ್ನೋದೂ ಸೇರಿದೆ.

ನಮ್ಮ ಕಲ್ಯಾಣಿಯ ಮೆಟ್ಟಿಲ ಮೇಲೂ ಅದೇ ಕಂಡಿತು. ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತು ಬಾಂಡಲಿ ದಾಟಿಸೋದು. ಗಟ್ಟಿ ಹುಡುಗರೆಲ್ಲ ಗೆಳೆಯರು, ಕೆಳಗೆ ಒಟ್ಟಿಗೆ ನಿಂತಿದ್ದರು. ಸರಸರ ತುಂಬಿ ಸರಸರ ದಾಟಿಸುತ್ತಿದ್ದರು. ನಡುವೆ ತೆಳ್ಳಗಿನ ಕೈಗಳು. ಅಲ್ಲಿ ಬಾಂಡಲಿಗಳು ಒಂದರ ಮೇಲೊಂದು ಬಂದು ಕೂತು, ಕೆಸರೆಲ್ಲ ಮೆಟ್ಟಿಲ ಮೇಲೆ ಚೆಲ್ಲಿ, ಮೇಲಿನವರು ಕೈಕಟ್ಟಿ ನಿಂತುಬಿಟ್ಟರು. ಎಮ್ಮೆ ಹೊಡೆದುಕೊಂಡು ಬಂದಿದ್ದ ಆ ಊರಿನ ಅಜ್ಜನೊಬ್ಬ ಸುಮ್ಮನೆ ನೋಡುತ್ತಿದ್ದವನು, ‘ಒಬ್ಬ ಗಟ್ಟಿಗ, ಒಬ್ಬ ಸಣ್ಣೋನು, ಹಂಗೆ ನಿಂತ್ಕಳ್ರವ್ವಾ. ಬಾಂಡ್ಲಿ ಮುಕ್ಕಾಲು ತುಂಬ್ರಿ ಸಾಕು’ ಅಂದ. ಅಷ್ಟೇ. ಸಾಲು ಬದಲಾಯಿತು, ಬಾಂಡಲಿ ಹಗುರಾಯಿತು, ಹೂಳು ಓಡತೊಡಗಿತು. ಯಾರಿಗೂ ಬೈಗುಳವಿಲ್ಲ, ಯಾರಿಗೂ ಅವಮಾನವಿಲ್ಲ. ನಿಂತ ಜಾಗ ಸರಿಯಾದರೆ ಅದೇ ಮನುಷ್ಯ ಎರಡರಷ್ಟು ಕೆಲಸ ಮಾಡುತ್ತಾನೆ. ಎಮ್ಮೆಯ ಬೆನ್ನು ತಟ್ಟಿಕೊಂಡು ಅಜ್ಜ ಹೊರಟೇಹೋದ, ಹೆಸರೂ ಹೇಳಲಿಲ್ಲ.

ಅವರೇಕಾಯಿ ಕಾಲ ಬೇರೆ. ಊರಿನವರು ಮೂಟೆಗಟ್ಟಲೆ ಕಳಿಸಿದ್ದರು. ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆಯ ಸುತ್ತ ಕೂತು ಬೆಳಗ್ಗೆ ಹಿತಕೋದು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಚಿಮ್ಮಿ ಪಕ್ಕದವರ ಮಡಿಲಿಗೆ! ಅಷ್ಟು ಕಾಳು ಹಿತಕಿ ಮುಗಿಸೋಕೆ ಮಧ್ಯಾಹ್ನವೇ ಆಗುತ್ತೆ ಅಂದುಕೊಂಡಿದ್ದೆವು. ಓಣಿಯ ಹೆಂಗಸರು ಇಬ್ಬರು ಬಂದು ಕೂತರು, ಸೋಬಾನೆ ಶುರುಮಾಡಿದರು, ಹಾಡಿನ ಗತ್ತಿಗೆ ಕೈಗಳೂ ಓಡಿದವು. ಆವತ್ತಿನ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ… ಈಗ ನೆನೆಸಿಕೊಂಡರೂ ಬಾಯಲ್ಲಿ ನೀರು ಬರುತ್ತೆ. ಇರಲಿ, ಎಲ್ಲಿಗೋ ಹೋದೆ.

ಆವತ್ತೇ ನಮ್ಮ ಶಿಬಿರಾಧಿಕಾರಿ ಸರ್ ತಾಲೂಕು ಕಚೇರಿಗೆ ಹೋಗಬೇಕಾಗಿ ಬಂತು. ಹೊರಡುವಾಗ ಯಾರಿಗೂ ಏನೂ ಹೇಳಲಿಲ್ಲ, ಬೈಕ್ ಹತ್ತಿ ಹೊರಟುಬಿಟ್ಟರು. ಸಂಜೆ ಬಂದು ನೋಡಿದರೆ ಕಲ್ಯಾಣಿಯ ಇನ್ನೂ ಮೂರು ಮೆಟ್ಟಿಲು ಮೇಲೆದ್ದಿದ್ದವು, ಮಕ್ಕಳ ಆಟೋಟ ಮುಗಿದಿತ್ತು, ಮರುದಿನದ ಅಡುಗೆ ಪಾಳಿಯನ್ನು ಬೋರ್ಡಿನ ಮೇಲೆ ಬರೆದಾಗಿತ್ತು. ಸರ್ ಬೋರ್ಡು ನೋಡಿದರು, ನಮ್ಮನ್ನು ನೋಡಿದರು, ‘ನನಗೆ ಸಾರು ಉಳಿಸಿದ್ದೀರೋ ಇಲ್ವೋ?’ ಅಂದರು. ಅವರು ಮೊದಲ ದಿನದಿಂದಲೂ ಪ್ರತಿ ರಾತ್ರಿ ನಮ್ಮನ್ನು ಸುತ್ತ ಕೂರಿಸಿಕೊಂಡು ‘ನಾಳೆ ಏನು ಮಾಡೋಣ?’ ಅಂತಲೇ ಕೇಳುತ್ತಿದ್ದವರು. ಅದರ ಬೆಲೆ ನನಗೆ ಪೂರ್ತಿ ತಿಳಿದದ್ದು ಆ ಸಂಜೆ.

ಇಂಥ ಶಿಬಿರಗಳನ್ನು ನಡೆಸುವ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾದದ್ದು ಗಾಂಧಿ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ಕ್ಕೆ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ. ಅದನ್ನು ಆರಂಭಿಸಿದ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ನಮ್ಮ ಬಳ್ಳಾರಿಯ ಸಂಸದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರೂ ಅವರೇ, ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸೆಕ್ ಕಟ್ಟಿದವರೂ ಅವರೇ. 1991ರಲ್ಲಿ ಅವರು ತೀರಿಕೊಂಡರು. ಆ ಸಂಸ್ಥೆಗಳು ಇವತ್ತಿಗೂ ನಡೆಯುತ್ತಿವೆ, ಶಿಬಿರಗಳೂ ನಡೆಯುತ್ತಿವೆ. ಅಂಥವರನ್ನು ನೆನೆದರೆ ನನಗೆ ನಿಜವಾಗಿಯೂ ಕೈ ಮುಗಿಯಬೇಕು ಅನ್ನಿಸುತ್ತೆ.

ಮನೆಗೆ ಬಂದ ಮೇಲೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ನನ್ನ ಒಡಹುಟ್ಟಿದ ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಹೊರಟರು. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯಿಂದ ಹಿಡಿದು ಸಂಪಿನ ನೀರಿನವರೆಗೆ ಎಲ್ಲವೂ ಅಮ್ಮನ ತಲೆಯಲ್ಲೇ ಇದ್ದದ್ದು. ‘ಇನ್ನು ನೀನೇ ಅಮ್ಮ’ ಅಂದರು ಅಪ್ಪ. ನಾನು ಒಪ್ಪಲಿಲ್ಲ. ಅವತ್ತು ಊಟವಾದ ಮೇಲೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಸರ್ ಕೇಳಿದ ಹಾಗೇ ಕೇಳಿದೆ. ಒಬ್ಬೊಬ್ಬರನ್ನೇ, ಹೆಸರು ಹಿಡಿದು. ಅಪ್ಪ ಮೋಟರು, ಗ್ಯಾಸು ವಹಿಸಿಕೊಂಡರು. ತಮ್ಮ ಪಾತ್ರೆ ತೊಳೆಯೋದು ಅಂದ. ಅವನು ತೊಳೆಯೋದು ರಾತ್ರಿ ಹನ್ನೊಂದಕ್ಕೆ, ಹಾಡು ಹಾಕಿಕೊಂಡು. ನಿಮ್ಮ ಮನೆಗೂ ಕೇಳಿಸಿರಬೇಕು, ಅಲ್ವಾ? ಪಾತ್ರೆ ಥಳಥಳ ಅನ್ನುತ್ತಿತ್ತು, ಹೊತ್ತು ಅವನಿಷ್ಟ ಅಂತ ನಾನು ಬಿಟ್ಟೆ.

ಅಜ್ಜಿಯ ಸರದಿ ಬಂದಾಗ ಅಪ್ಪ, ‘ಅವರಿಗೇನು, ಆರಾಮಾಗಿರಲಿ’ ಅಂದರು. ಕಣ್ಣಿನ ಪೊರೆ ತೆಗೆಸಿದಾಗಿನಿಂದ ಅಜ್ಜಿಯ ಕೈಗೆ ಯಾರೂ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಅಜ್ಜಿ ಏನೂ ಅನ್ನದೆ ನೆಲ ನೋಡುತ್ತಾ ಕೂತಿದ್ದರು. ‘ಅಜ್ಜಿ, ನಿಮಗೆ ಯಾವುದು ಬೇಕು?’ ಅಂದೆ. ತಟ್ಟನೆ ತಲೆ ಎತ್ತಿ, ‘ಹಾಲಿನ ಲೆಕ್ಕ ನಂಗೆ ಕೊಡು. ತರಕಾರಿ ಹೆಚ್ಚೋದೂ ನಂದೇ’ ಅಂದರು. ಮಾರನೇ ದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು. ಹಾಲಿನವನು ಬರುವ ಮುಂಚೆಯೇ ಬಾಗಿಲಲ್ಲಿ ಹಾಜರು. ತಿಂಗಳ ಕೊನೆಗೆ ಅವನ ಲೆಕ್ಕಕ್ಕೂ ಅಜ್ಜಿಯ ಗೀಟಿಗೂ ಒಂದು ಲೀಟರ್ ವ್ಯತ್ಯಾಸ ಬಂತು, ಗೆದ್ದದ್ದು ಅಜ್ಜಿಯೇ! ಹುರುಳಿಕಾಯಿಯನ್ನು ಅಷ್ಟು ಸಣ್ಣಗೆ ಹೆಚ್ಚೋದನ್ನು ನಾನು ಬೇರೆಲ್ಲೂ ನೋಡಿಲ್ಲ. ನಡುವೆ ನಾನು ಅಂತರಕಾಲೇಜು ಸ್ಪರ್ಧೆಗೆ ಅಂತ ಶಿವಮೊಗ್ಗಕ್ಕೆ ಹೋಗಿಬಂದೆ. ಮನೆಯಿಂದ ಒಂದೇ ಒಂದು ಫೋನ್ ಬರಲಿಲ್ಲ. ನಾನೇ ಮಾಡಿದಾಗ ಅಜ್ಜಿ, ‘ಇಲ್ಲಿ ಎಲ್ಲ ಆಯ್ತಾ ಇದೆ, ನಿನ್ ಕೆಲಸ ನೋಡ್ಕೋ’ ಅಂದುಬಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನಗೆ ಆದ ಸಂತೋಷ ಹೇಳತೀರದು.

ಓದಿಗೂ ಇದನ್ನೇ ಹಚ್ಚಿದ್ದೇನೆ. ಕಾಸ್ಟ್ ಅಕೌಂಟಿಂಗ್ ಪಾಠಗಳನ್ನು ಗೆಳತಿಯರು ಹಂಚಿಕೊಂಡು, ಒಬ್ಬೊಬ್ಬಳು ಒಂದೊಂದನ್ನು ಉಳಿದವರಿಗೆ ಹೇಳಿಕೊಡೋದು. ಹೇಳಿಕೊಡಬೇಕು ಅಂದಾಗ ಓದುವ ಗಮ್ಮತ್ತೇ ಬೇರೆ.

ಅದಿರಲಿ, ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿತ್ತು. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಸೊಂಟದುದ್ದ ಬೆಳೆದಿದೆ, ಹೂ ಬಿಡುವ ಮುಂಚೆ ಕೀಳಬೇಕು. ಭಾನುವಾರ ಬೆಳಗ್ಗೆ ಅಂತ ಮೂರು ಮನೆಯವರು ಒಪ್ಪಿದ್ದಾರೆ. ಎದುರುಮನೆ ಅಂಕಲ್‌ದು ಕೈಗವಸು, ಮೂಲೆಮನೆಯವರದು ಟೀ. ನಿಮಗೆ ಯಾವುದು ಬೇಕು ಅಂತ ಹೇಳಿ, ಬರೆದುಕೊಳ್ಳುತ್ತೇನೆ. ನಾನಂತೂ ಆ ದಿನ ಊರಲ್ಲಿರಲ್ಲ, ನಮ್ಮಕ್ಕನ ಮಗುವಿನ ನಾಮಕರಣ. ನಿಮ್ಮ ಮನೆ ಹಿಂದೆ ಎರಡು ಸನಿಕೆ ಇವೆಯಲ್ಲ, ಶನಿವಾರವೇ ಆಚೆ ತೆಗೆದಿಟ್ಟುಬಿಡಿ.