ಶಾಲಾದ್ವಾರ ಸಂಚಾರ ಮೀಮಾಂಸೆ

ಜೂನ್ ಮೊದಲ ವಾರ, ಬೆಳಿಗ್ಗೆ ಎಂಟೂಕಾಲರಿಂದ ಎಂಟೂಮುಕ್ಕಾಲು, ಬೆಂಗಳೂರಿನ ಯಾವುದೇ ಶಾಲೆಯ ಗೇಟಿನ ಮುಂದಿನ ನೂರು ಮೀಟರ್ ರಸ್ತೆ. ಪ್ರಸ್ತುತ ಪ್ರಬಂಧದ ವ್ಯಾಪ್ತಿ ಇಷ್ಟೇ. ತೀರಾ ಕಿರಿದಾಯಿತೆಂದು ಮಾರ್ಗದರ್ಶಕರು ತಕರಾರು ತೆಗೆದರು. ಆ ನೂರು ಮೀಟರ್ ದಾಟಲು ಅವರ ಕಾರಿಗೇ ಅರ್ಧ ಗಂಟೆ ಹಿಡಿದ ಮೇಲೆ ಸುಮ್ಮನಾದರು.

ಈ ಪ್ರದೇಶದಲ್ಲಿ ಹೇರಳವಾಗಿ ಕಾಣಸಿಗುವ ಜೀವಿ ಸ್ಕೂಟರ್‌ಪಿತೃ. ಇವನ ಮುಂದೆ ಯುಕೆಜಿ ನಿಂತಿರುತ್ತದೆ, ಹಿಂದೆ ಮೂರನೇ ಕ್ಲಾಸು ಕೂತಿರುತ್ತದೆ. ಎರಡು ಬ್ಯಾಗುಗಳು ಹ್ಯಾಂಡಲಿಗೆ ಜೋತುಬಿದ್ದು, ಅದು ಎಡಕ್ಕೆ ತಿರುಗದಂತೆ ನೋಡಿಕೊಳ್ಳುತ್ತವೆ. ಹೆಲ್ಮೆಟ್ ಒಂದೇ, ಅದೂ ಪಿತೃವಿನ ತಲೆಗೆ. ಮಕ್ಕಳ ತಲೆ ಗಟ್ಟಿ ಎಂಬ ವಾದಕ್ಕೆ ಮನೆಪಾಠದ ಮೇಷ್ಟರ ಬೆಂಬಲವಿದೆ, ಕಾನೂನಿನದಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಕೂಸಿದ್ದರೆ 2023ರಿಂದ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿಯೂ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಕೂಡದು. ಈ ಕೊನೆಯ ಷರತ್ತನ್ನು ಮಾತ್ರ ಬೆಂಗಳೂರಿಗರು ನಿಷ್ಠೆಯಿಂದ ಪಾಲಿಸುತ್ತಾರೆ. ಬೇರೆ ದಾರಿಯಿಲ್ಲ.

ಕಾರಿನವರದು ನಾಲ್ಕು ಇಂಡಿಕೇಟರ್ ಸಂಪ್ರದಾಯ. ನಾಲ್ಕನ್ನೂ ಒಟ್ಟಿಗೆ ಮಿನುಗಿಸಿದರೆ ಕಾರು ಅದೃಶ್ಯವಾಗುತ್ತದೆ, ಆಮೇಲೆ ಅದನ್ನು ರಸ್ತೆಯ ನಡುವೆ ನಿಲ್ಲಿಸಿದರೂ ದೋಷವಿಲ್ಲ ಎಂಬುದು ಈ ಪಂಥದ ಶ್ರದ್ಧೆ. ಇಳಿದ ಮಗು ನೆಟ್ಟಗೆ ಗೇಟಿಗೆ ಹೋಗುತ್ತದೆ ಎಂಬುದು ಪೂರ್ವಪಕ್ಷ. ನಾಲ್ಕು ಹೆಜ್ಜೆ ಹೋಗಿ, ನೀರಿನ ಬಾಟಲಿ ನೆನಪಾಗಿ, ಅತ್ತಿತ್ತ ನೋಡದೆ ವಾಪಸು ಓಡಿಬರುತ್ತದೆ ಎಂಬುದು ಸಿದ್ಧಾಂತ. ಬಾನೆಟ್ಟಿಗಿಂತ ಗಿಡ್ಡಗಿರುವ ಆ ಮಗು ಎರಡು ಕಾರುಗಳ ಸಂದಿಯಿಂದ ಹೊರಬಂದ ಮೇಲೆಯೇ ಕಾಣುವುದು.

ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಕಣ್ಣು ಕಂಡದ್ದು ಕಾಲಿಗೆ ಮುಟ್ಟಲು ಒಂದು ಸೆಕೆಂಡ್ ಹಿಡಿದರೆ ಅಲ್ಲಿಗೇ 10 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಹೆಚ್ಚುಕಡಿಮೆ ಮತ್ತೆ 10. ವೇಗ 18ಕ್ಕೆ ಇಳಿದರೆ ಯೋಚನೆಗೆ 5, ಬ್ರೇಕಿಗೆ ಎರಡೂವರೆ, ಒಟ್ಟು ಏಳೂವರೆ ಮೀಟರ್. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲುಭಾಗವಾಗುತ್ತದೆ ಎಂದು ಹಿಂದಿನ ಸೀಟಿನ ಹುಡುಗ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾನೆ. ಮುಂದಿನ ಸೀಟಿನವರು ಆ ಪೇಪರಿಗೆ ಸಹಿ ಹಾಕಿದ್ದಾರೆ, ಓದಿಲ್ಲ. ಸಾಲದ್ದಕ್ಕೆ, ಶಾಲೆ ಶುರುವಾಗುವುದೂ ಮುಂಗಾರು ಕಾಲಿಡುವುದೂ ಒಂದೇ ವಾರ. ಬೇಸಿಗೆಯಿಡೀ ಟಾರಿಗೆ ಅಂಟಿದ ಎಣ್ಣೆ, ಧೂಳು ಮೊದಲ ಮಳೆಗೆ ಎದ್ದು ಜಾರುಬಂಡಿ ಹಾಸುತ್ತವೆ.

ಎದುರಿನವನು ತಪ್ಪು ಮಾಡಿಯೇ ಮಾಡುತ್ತಾನೆಂದು ಮೊದಲೇ ಲೆಕ್ಕ ಹಾಕಿ ಗಾಡಿ ಓಡಿಸಬೇಕೆಂದು ಪಾಶ್ಚಾತ್ಯ ಪಂಡಿತರು ಈಚೆಗೆ ಕಂಡುಕೊಂಡಿದ್ದಾರೆ. ನಮ್ಮಲ್ಲಿ ಅದು ಅನಾದಿ ಕಾಲದ ನಂಬಿಕೆ. ವ್ಯತ್ಯಾಸವಿಷ್ಟೇ, ಅವರು ಅದಕ್ಕೆ ಬ್ರೇಕ್ ಒತ್ತುತ್ತಾರೆ, ನಾವು ಹಾರ್ನ್ ಒತ್ತುತ್ತೇವೆ. ಗೇಟಿನ ಮುಂದೆ ಸೇರಿದವರೆಲ್ಲ ಪೋಷಕರೇ. ಆದರೆ ಪ್ರತಿಯೊಬ್ಬರ ಲೆಕ್ಕದಲ್ಲೂ ಪೋಷಕರು ತಾವೊಬ್ಬರೇ, ಉಳಿದದ್ದು ಟ್ರಾಫಿಕ್.

ಪಿಯುಸಿ ಶಾಖೆಯ ಬಗ್ಗೆ ಒಂದು ಟಿಪ್ಪಣಿ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ. ಅಪ್ಪ ಕೊಡಿಸಿದ್ದು 110ರದ್ದು. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಎರಡೂ ಅಪ್ಪನಿಗೇ.

ಪರಿಹಾರವಾಗಿ ನಮ್ಮ ಸಲಹೆ ಒಂದೇ: ಎರಡು ಕ್ರಾಸ್ ಹಿಂದೆಯೇ ಗಾಡಿ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೆಯುವುದು. ‘ಅಲ್ಲ ಸಾರ್, ಅಷ್ಟು ದೂರ ಆ ಬ್ಯಾಗ್ ಹೊರೋರು ಯಾರು?’ ಎಂದು ಪೋಷಕರೊಬ್ಬರು ಕೇಳಿದರು. ಒಂದು, ಎರಡನೇ ತರಗತಿಯ ಬ್ಯಾಗು 2 ಕೆ.ಜಿ. ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲೇ ಆದೇಶಿಸಿದೆ ಎಂದೆವು. ಅವರು ಮಾತಾಡದೆ ಬ್ಯಾಗನ್ನೇ ನಮ್ಮ ಕೈಗೆ ಕೊಟ್ಟರು. ಸಂಶೋಧನೆ ಸದ್ಯ ಬೆನ್ನುನೋವಿನ ನಿಮಿತ್ತ ಸ್ಥಗಿತಗೊಂಡಿದೆ.